ಏಳನೇ ಸಾಲು

ಸಾಲದ ಅರ್ಜಿಯ ಏಳನೇ ಸಾಲಿನಲ್ಲಿ ಕೇಳುತ್ತಾರೆ: ಮೂಲ ಊರು?

ನಾನು ಹುಟ್ಟಿದ್ದು ಇಲ್ಲೇ, ಜೋಸ್ ಪಟ್ಟಣದಲ್ಲಿ,
ಆಲೂಗಡ್ಡೆ ಮಂಡಿಯ ಹಿಂದಿನ ಓಣಿಯಲ್ಲಿ.
ದೊಡ್ಡ ಮಾರ್ಕೆಟ್ಟು ಸುಟ್ಟುಹೋದ ವರ್ಷ
ಜಡೆ ಹೆಣೆಯುವುದು ಕಲಿತೆ;
ಹೊಗೆ ವಾಸನೆಯ ಕೂದಲಲ್ಲೇ ಮೊದಲ ಬೈತಲೆ ತೆಗೆದದ್ದು.
ಗುಮಾಸ್ತ ಕನ್ನಡಕ ಒರೆಸಿಕೊಂಡು ಹೇಳಿದ:
ಅದು ಹುಟ್ಟೂರಾಯಿತಮ್ಮಾ, ಮೂಲ ಅಲ್ಲ.

ಮೂಲ ಅಂದರೆ ಅಪ್ಪನದು.
ಅಪ್ಪ ಟಿವ್, ಬೆನ್ವೆ ಹೊಳೆಯ ಸೀಮೆಯವನು.
ಹೋದೆ. ಎರಡು ಬಸ್ಸು, ಒಂದು ಬಾಡಿಗೆ ಬೈಕು.
ಗೆಣಸಿನ ರಾಶಿಯ ಪಕ್ಕ ಕೂತ ಮುಖಂಡ
ಹಲ್ಲು ಕೆದಕುತ್ತ ಅಂದ:
ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಗಂಡನ ಕಡೆ ಕೇಳು.

ಗಂಡ ಉಜೊದಿನ್ಮ, ಇಗ್ಬೊ.
ಅವನ ಊರಿನ ಕಚೇರಿಯಲ್ಲಿ ಚಿಕ್ಕಮಾವ ಪಕ್ಕದಲ್ಲೇ ನಿಂತಿದ್ದರು,
ಆದರೂ ನನ್ನ ಹೆಸರು ಓದಿದವನೇ
ಪೆನ್ನಿನ ಮುಚ್ಚಳ ಹಾಕಿಬಿಟ್ಟ.
ಬಂದವಳು, ಅಂದ.
ಬೈಗುಳವಲ್ಲ ಅದು, ಲೆಕ್ಕ.

ಶುಲ್ಕ ಮಾತ್ರ ಮೂರೂ ಕಡೆ ತೆಗೆದುಕೊಂಡರು.
ನನ್ನ ದುಡ್ಡಿಗೆ ಎಲ್ಲ ಊರೂ ಮೂಲ.

ಅಂಗಡಿ ಅಂದರೆ ತಗಡಿನ ಮಾಡು, ಮೂರು ಪ್ಲಾಸ್ಟಿಕ್ ಕುರ್ಚಿ.
ಕರೆಂಟು ಹೋಗಿ ಮೂರನೇ ದಿನ, ಜನರೇಟರಿಗೆ ಕೆಮ್ಮು.
ಮರುಭೂಮಿಯ ಗಾಳಿ ತಂದ ಧೂಳು
ಬಾಚಣಿಗೆಯ ಹಲ್ಲುಹಲ್ಲಿನಲ್ಲಿ.
ಎರಡು ಜಡೆ ಒಂದೆಡೆ ಸೇರುವುದಿಲ್ಲವಂತೆ!
ಇಲ್ಲಿ ದಿನಕ್ಕೆ ನೂರಾರು ಸೇರುತ್ತವೆ,
ಜಗಳವನ್ನೂ ಆಡುತ್ತವೆ, ಇಲ್ಲ ಅನ್ನಲಾರೆ,
ಚುನಾವಣೆಯ ವಾರವಂತೂ ಕೇಳುವುದೇ ಬೇಡ.

ಹಾಜರಾ, ಪರದೆ ಎಳೆದ ಮೇಲಷ್ಟೇ ತಲೆವಸ್ತ್ರ ಬಿಚ್ಚುವವಳು:
'ನಿಮ್ಮವರು ಗೆದ್ದರೆ ಮೊದಲು ಉರಿಯುವುದು ನಮ್ಮ ಮಳಿಗೆ.'
'ನಿಮ್ಮವರು ಗೆದ್ದರೆ ನಮ್ಮ ಹೊಲಕ್ಕೆ ದನ' ನನ್ರೆತ್.
ಮೊರೆನಿಕೆಗೆ ಇಬ್ಬರೂ ಬೇಡ, ಅವಳಿಗೆ ಪೆಟ್ರೋಲು ಬೇಕು.
ಅಭ್ಯರ್ಥಿಯ ನಗುಮುಖ ಅಚ್ಚಾದ ಅಕ್ಕಿ ಚೀಲ
ಮೂವರ ಮನೆಗೂ ಬಂದಿದೆ.
ಕಲ್ಲು ಆರಿಸುವಾಗ ಯಾವ ಪಕ್ಷವೂ ಇಲ್ಲ.

ಒಂದು ಮಾತಿಗೆ ಮೂವರೂ ಒಟ್ಟಿಗೇ ತಲೆಯಾಡಿಸಿದರು
(ಆಡಿಸಬೇಡಿ ಅಂದೆ, ಬೈತಲೆ ಸೊಟ್ಟಗಾಗುತ್ತೆ):
ಬಾಡಿಗೆ ಮನೆ ಕೇಳಲು ಹೋದರೆ
'ಗಂಡಸನ್ನು ಕರ್ಕೊಂಡು ಬಾ' ಅನ್ನುವುದು.
ಹಾಜರಾ ತಮ್ಮನನ್ನು ಕರೆದೊಯ್ದಳು.
ಹದಿನಾರರ ಹುಡುಗ, ಮೀಸೆ ಇನ್ನೂ ಮೂಡಿರಲಿಲ್ಲ.
ದುಡ್ಡು ಇವಳದು, ಸಹಿ ಅವನದು.
ನಗುತ್ತ ಹೇಳಿದಳು. ನಾವೂ ನಕ್ಕೆವು. ಆಮೇಲೆ ಸ್ವಲ್ಪ ಹೊತ್ತು
ಜನರೇಟರು ಮಾತ್ರ ಮಾತಾಡಿತು.

ಶುಕ್ರವಾರ ಸಂಜೆ ಗುಮಾಸ್ತನ ಹೆಂಡತಿ ಬಂದಳು.
ನನ್ನನ್ನು ಬಲ್ಲಳು, ನನ್ನ ಅರ್ಜಿಯನ್ನಲ್ಲ.
ಐದು ಗಂಟೆ ಅವಳ ನೆತ್ತಿ ನನ್ನ ಬೆರಳ ಕೆಳಗೆ.
ಮಾತಿನ ಮಧ್ಯೆ ಅಂದಳು:
'ಹೊರಗಿನವರು ಬಂದೇ ನೋಡು ಈ ಊರು ಕೆಟ್ಟದ್ದು.
ನೀನಲ್ಲ ಇವೆರೆನ್, ನೀನು ನಮ್ಮವಳೇ.'

ಎಡಗಿವಿಯ ಹಿಂದಿನ ಒಂದು ಎಳೆಯನ್ನು
ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದೆ.
ಹುಬ್ಬು ಮೇಲೇರಿತು.
'ನೋಯ್ತಾ?'
'ಇರಲಿ, ಬಿಗಿ ಇದ್ದರೇ ಬಾಳಿಕೆ.'

ತುದಿಗಳನ್ನು ಕುದಿನೀರಿಗೆ ಅದ್ದಿ ಒರೆಸಿದೆ.
ಇನ್ನೂರು ನೈರಾ ಕಮ್ಮಿ ಕೊಟ್ಟು, ನಾಳೆ ತರುತ್ತೇನೆ ಅಂದಳು.
ಬರೆದಿಟ್ಟುಕೊಂಡೆ. ನನ್ನ ಪುಸ್ತಕದಲ್ಲಿರುವುದು
ಹೆಸರು, ಹೆಣಿಗೆ, ಬಾಕಿ. ಅಷ್ಟೇ.

ಶನಿವಾರದ ಶಾಯಿ ಹೆಬ್ಬೆರಳಿಂದ ಇನ್ನೂ ಹೋಗಿಲ್ಲ.
ಮತ ಹಾಕುವಾಗ ಯಾರೂ ಕೇಳಲಿಲ್ಲ ಮೂಲ.
ಗೆದ್ದವನ ಪಟಾಕಿ ದೂರದಲ್ಲೆಲ್ಲೋ. ಪಟಾಕಿಯೇ ಇರಬೇಕು.
ಹಾಜರಾ ಈ ವಾರ ಬಂದಿಲ್ಲ.

ಮಗಳು ಕೊಸಿಸೊ ಮೊಬೈಲಿನ ಬೆಳಕಲ್ಲಿ ಅರ್ಜಿ ಹರಡಿದ್ದಾಳೆ.
ಅವಳ ಅಕ್ಷರ ದುಂಡಗೆ, ಬರೆಯುವ ಕೆಲಸ ಅವಳದೇ.
ಆರು ಸಾಲು ತುಂಬಿಸಿ
ಮುಖ ಎತ್ತಿ ಕೇಳುತ್ತಾಳೆ:
ಅಮ್ಮಾ, ಇದನ್ನು ಸದ್ಯಕ್ಕೆ ಪೆನ್ಸಿಲಲ್ಲಿ ಬರೆಯಲಾ?