ಎಂದರೆ ಸರಿ

ಸಾಕ್ಷಿ ನುಡಿದದ್ದನ್ನು ಟೈಪು ಮಾಡುವವಳು ನಾನು,
ಅರಸೀಕೆರೆ ಕೋರ್ಟಿನಲ್ಲಿ.
ಜೀವನಾಂಶದ ಕೇಸು, ಪಾಟೀಸವಾಲು ನಡೆದಿದೆ.
ಕಟಕಟೆಯಲ್ಲಿ ದಾಕ್ಷಾಯಿಣಿ.
ಗಂಡನ ವಕೀಲರ ಕೈಯಲ್ಲಿ
ಫೇಸ್‌ಬುಕ್ಕಿನಿಂದ ಇಳಿಸಿ, ಬಣ್ಣದಲ್ಲಿ ಮುದ್ರಿಸಿ,
ಸರ್ಟಿಫಿಕೇಟು ಲಗತ್ತಿಸಿದ ಒಂದು ನಗು.
ನಿ.ಆರ್.೩ ಎಂದು ಗುರುತು ಹಾಕಿದ್ದಾಯ್ತು.

ಚಿತ್ರದಲ್ಲಿರುವುದು ನಾನೇ ಎಂದರೆ ಸರಿ.
ಕೊರಳಿನ ಎರಡೆಳೆ ಸರ ನನ್ನದು ಎಂದರೆ ಸರಿಯಲ್ಲ,
ಬಾಣಾವರದ ಮದುವೆಗೆ ಅತ್ತಿಗೆ ಕೊಟ್ಟದ್ದು,
ರಾತ್ರಿಯೇ ಬಿಚ್ಚಿ ಒಪ್ಪಿಸಿದ್ದೇನೆ.
ಸೀರೆಯೂ ಅವರದೇ.

‘ನಗು?’ ಎಂದರು ವಕೀಲರು.
ಅಷ್ಟರಲ್ಲಿ ಶಿವಮೊಗ್ಗದ ರೈಲು ಕೂಗಿತು.
ಸಾಹೇಬರು ಕೈಯೆತ್ತಿದರು. ಫ್ಯಾನಿನಡಿ
ಎಲ್ಲರೂ ಕಾದೆವು, ಬೋಗಿಗಳೆಲ್ಲ ದಾಟುವವರೆಗೆ.

‘ಅದು ನಂದೇ ಸ್ವಾಮಿ.
ಅದನ್ನೂ ಕಳೀತಾರಾ, ಕೊಡೋ ದುಡ್ಡಲ್ಲಿ?’

ಯಾರೋ ಕಿಸಕ್ಕೆಂದರು. ಸಾಹೇಬರು ಬರೆಸಿದ್ದು ಇಷ್ಟು:
ಫೋಟೋದಲ್ಲಿ ನಾನು ನಗುತ್ತಿದ್ದೇನೆ ಎಂದರೆ ಸರಿ.

ಪೂರ್ಣವಿರಾಮ ಇಟ್ಟೆ.
ಕಡತಕ್ಕೆ ಸೇರಿಸುವಾಗ ಕಣ್ಣಿಗೆ ಬಿತ್ತು,
ಹಾಳೆಯ ಬುಡದಲ್ಲಿ, ಅವಳ ಸೆರಗಿನ ಕೆಳಗೆ:
ನಲವತ್ತಮೂರು ಮಂದಿ ಮೆಚ್ಚಿದ್ದಾರೆ.
ಹೈಸ್ಕೂಲಲ್ಲಿ ಒಂದೇ ಬೆಂಚು ನಮ್ಮದು.
ಅದರಲ್ಲೊಂದು ಹೆಬ್ಬೆಟ್ಟು ನನ್ನದು.