ದಡದ ಖರ್ಚು ನಿಮ್ಮದೇ

ಹಡಗು ಅವರದು, ಊಟ ಅವರದು,
ಮಂಚ, ಕಿಟಕಿ, ಕಿಟಕಿಯಾಚೆಯ ನೀರೆಲ್ಲ ಅವರದು;
ದಡದ ಖರ್ಚು ಮಾತ್ರ ನಿಮ್ಮದೇ
ಎಂದು ಬರೆದಿದೆ ಕೊನೆಯ ಪುಟದಲ್ಲಿ, ಇರುವೆಯಂಥ ಅಕ್ಷರದಲ್ಲಿ.

ಎಣ್ಣೆ ಕಂಪನಿ ಕೊಟ್ಟ ಬಹುಮಾನ.
ಮೂರು ವರ್ಷ ಹೇಳಿದಷ್ಟು ಕೊಬ್ಬರಿ ತುಂಬಿಸಿ ಕಳಿಸಿದ
ತಿಪಟೂರಿನ ನಮ್ಮ ಮಂಡಿಗೆ ಜೋಡಿ ಟಿಕೆಟ್ಟು.
ಕೆರಿಬಿಯನ್ ಅಂದರೆ ಯಾವ ಕಡೆ ಎಂದು ಇವರು ಕೇಳಿದರೆ
ತೂಕದ ಯಂತ್ರದ ಆಚೆ, ಪಡುವಣಕ್ಕೆ ಕೈ ತೋರಿಸಿದ ಗುಮಾಸ್ತ ಮುನೀರ:
"ಅರಸೀಕೆರೆ ದಾಟಿ, ಸೀದಾ."

ಅಂಗಡಿ ಹಿಂದಿನ ಕೋಣೆಯಲ್ಲಿ ಚೀಲದ ಮೇಲೆ ಕೂತು
ನಾಲ್ಕು ಬಂದರು ಹರಡಿಕೊಂಡಿದ್ದೇವೆ
ಮದುವೆ ಜವಳಿಯ ಹಾಗೆ.
ಒಂದಕ್ಕೆ ಮಾತ್ರ ದುಡ್ಡು ಅಂದಿದ್ದಾರೆ ಇವರು,
ಮಿಕ್ಕ ಮೂರು ಹಡಗಿನಿಂದಲೇ. "ನೋಡೋಕೇನು ಕಾಸೆ?"

ಬಾರ್ಬಡೋಸಿನಲ್ಲಿ ಗುಹೆಯಂತೆ, ಟ್ರಾಮಿನಲ್ಲಿ ಕೂರಿಸಿ ಒಳಗೊಯ್ಯುತ್ತಾರಂತೆ.
"ಕತ್ತಲೆ ನೋಡೋಕೆ ಅಲ್ಲೀಗಂಟ ಹೋಗ್ಬೇಕಾ, ನಮ್ಮ ಅಟ್ಟ ಇಲ್ವಾ?"
ಆಂಟಿಗಾದಲ್ಲಿ ದಿನಕ್ಕೊಂದರಂತೆ ವರ್ಷಪೂರ್ತಿ ಬೀಚು;
ನಮಗೆ ಸಿಗುವುದು ಆರು ಗಂಟೆ.
ಮೂರನೆಯದರ ಹೆಸರು ಮುನೀರನ ನಾಲಿಗೆಗೂ ಹೊರಳಲಿಲ್ಲ.
ಅಲ್ಲಿ ಸೊಂಟಮಟ್ಟ ನೀರಲ್ಲಿ ನಿಂತರೆ
ಮೊರದಗಲದ ಮೀನು ಬಂದು ಕಾಲಿಗೆ ಉಜ್ಜುತ್ತದೆ,
ಬಾಲದಲ್ಲಿ ಮುಳ್ಳಿದೆ, ಚುಚ್ಚುವುದಿಲ್ಲ.
ನಮ್ಮತ್ತೆಯ ಬಗ್ಗೆಯೂ ಹೀಗೇ ಹೇಳಿದ್ದರು ಮದುವೆಗೆ ಮುಂಚೆ.

ನಾಲ್ಕನೆಯದು ಸೇಂಟ್ ಲೂಸಿಯಾ:
ತೆಂಗಿನ ತೋಟದ ದರ್ಶನ, ಎಂಬತ್ತೊಂಬತ್ತು ಡಾಲರು.
ಕಾಯಿ ಸುಲಿಯುವುದನ್ನು ಕಣ್ಣಾರೆ ಕಾಣಿರಿ.
ಎಳನೀರು ಒಂದು, ಉಚಿತ.
ಇವರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿಸಿದರು.
ಗಡಾರಿಗೆ ಕಾಯಿ ಚುಚ್ಚಿದ ಗಿರಿಯಣ್ಣ ಹೊರಗಿನಿಂದಲೇ,
"ದಿನಕ್ಕೆ ಸಾವಿರ ಸುಲೀತೀನಿ ಅಮ್ಮೋರೇ,
ಒಬ್ಬನಾದ್ರೂ ಟಿಕೆಟ್ ತಗಂಡಿದ್ರೆ ಕೇಳಿ."

ನಾವು ನಕ್ಕೆವು. ಅರ್ಜಿ ನಗುವುದಿಲ್ಲ.
ಈಜು ಬರುತ್ತದೆಯೇ? ಚೆನ್ನಾಗಿ, ಸುಮಾರಾಗಿ, ಇಲ್ಲ.
ಮಂಡಿ ನೋವು ಇದೆಯೇ?
ಮಂಡಿಯೇ ನೋವು, ಎಂದೆ. ಇವರು ಕೇಳಿಸಿಕೊಳ್ಳಲಿಲ್ಲ.
ತುರ್ತಿಗೆ ಯಾರಿಗೆ ತಿಳಿಸಬೇಕು?
ನಾನು ಇವರೆಂದೆ, ಇವರು ನಾನೆಂದರು.
"ಇಬ್ಬರೂ ಮುಳುಗಿದರೆ ಸಾಹುಕಾರ್ರೇ?"
ಬರಕೊ, ನಿನ್ನದೇ ಬರಕೊ ಮಾರಾಯ.

ಸಮುದ್ರ ಕಾಣದವಳೇನಲ್ಲ ನಾನು.
ಎಂಟನೇ ಕ್ಲಾಸಿನ ಟೂರು, ಮುರುಡೇಶ್ವರ.
ತಲೆ ಎಣಿಸಿ ನೀರಿಗೆ ಬಿಟ್ಟರು, ಪೀಪಿ ಊದಿದರೆ ವಾಪಸು.
ಪಾದದ ಕೆಳಗಿನ ಮರಳು ಮೆಲ್ಲಗೆ ಜಾರುತ್ತ,
ಇನ್ನೇನು ಹೇಳಿಯೇ ಬಿಡುತ್ತದೆ ಅನ್ನುವಾಗ ಪೀಪಿ.
ಅರ್ಧಕ್ಕೆ ನಿಂತ ಆ ಮಾತನ್ನು ಇವರಿಗೆ ಹೇಗೆ ಹೇಳಲಿ?
ಕಾಯಿ ಅಲ್ಲಾಡಿಸಿ, ಕಿವಿಗೆ ಹಿಡಿದು,
ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ
ಸದ್ದಿನಲ್ಲೇ ಹೇಳುವವರು ಇವರು. ನನ್ನನ್ನು ಅಲ್ಲಾಡಿಸಿ ನೋಡಿಲ್ಲ.

ಆಂಟಿಗಾದ ಪುಟದ ಕೆಳಗೆ ಚಿತ್ರವಿಲ್ಲದ ಒಂದು ಸಾಲು:
ಬರೀ ಬೀಚು. ಒಂದು ಕುರ್ಚಿ, ಒಂದು ಕೊಡೆ.
ಗೈಡಿಲ್ಲ, ಕಾರ್ಯಕ್ರಮವಿಲ್ಲ.
"ಏನೂ ಇಲ್ಲದ್ದಕ್ಕೆ ನಲವತ್ತು ಡಾಲರಾ?"
ಪೀಪಿಯೂ ಇಲ್ಲ, ನೋಡಿ.

ಕೊನೆಗೆ ಹೆಗಲ ವಸ್ತ್ರ ತೆಗೆದು ನನ್ನ ಕೈಮೇಲೆ ಹಾಸಿದರು.
ಮಾವನವರು ದನದ ಸಂತೆಯಲ್ಲಿ ಹೀಗೇ,
ಬಾಯಿ ಬಿಡದೆ, ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದರಂತೆ.
ಮೂವತ್ತೊಂದು ವರ್ಷಕ್ಕೆ ನಾನು ಮೊದಲ ಸಲ ವ್ಯಾಪಾರಕ್ಕೆ ಕೂತೆ.
ಅವರ ಎರಡು ಬೆರಳು ಹಿಡಿದೆ.
ಅವರು ನನ್ನ ನಾಲ್ಕು ಹಿಡಿದರು: ತೆಂಗಿನ ತೋಟ!
ಅಲ್ಲಿನ ಕಾಯಿ ನಮ್ಮದಕ್ಕಿಂತ ಸಣ್ಣದೆಂದು
ಕಣ್ಣಾರೆ ಕಾಣದೆ ನಿದ್ದೆ ಬಾರದು ಈ ಜೀವಕ್ಕೆ.
ಮತ್ತೆ ಎರಡು, ನಾನು. ಮತ್ತೆ ನಾಲ್ಕು, ಅವರು.
ವಸ್ತ್ರದೊಳಗೆ ಕೈ ಬೆವರಿತು.
ಮುನೀರ ಗೋಡೆಯ ಕಡೆ ತಿರುಗಿ ಕ್ಯಾಲೆಂಡರು ಓದತೊಡಗಿದ.

ಆಮೇಲೆ ಎರಡು ಹಿಡಿದರು, ಮಿಕ್ಕೆರಡೂ ಸೇರಿಸಿಕೊಂಡರು,
ಬಿಡಲಿಲ್ಲ.
ಎರಡಕ್ಕೂ ದುಡ್ಡು ಎಂದೋ, ಲೆಕ್ಕ ತಪ್ಪಿತೆಂದೋ
ನಾನಿನ್ನೂ ಕೇಳಿಲ್ಲ.
ಹೊರಗೆ ಗಿರಿಯಣ್ಣ ಕಾಯಿ ಎಣಿಸಿ ಹಾಕುತ್ತಿದ್ದ:
ಲಾಭ... ಎರಡು...