ಮೊಳೆಗೆ ಸಿಕ್ಕಿಸಿದ ಚೀಟಿ

ಶನಿವಾರ ರಾತ್ರಿ ತಟ್ಟೆ ತೊಳೆದಿಟ್ಟು
ಕರೆಂಟು ಬಿಲ್ಲಿನ ಹಿಂಬದಿ ಬರೆಯುತ್ತೇನೆ:
ನಾವು ನಾಲ್ವರು. ನಾನು, ಶಾಲ್ಮಲಿ, ಬ್ಯಾಂಕಿನ ದೇವಾಡಿಗ,
ಅವನಕ್ಕನ ಮಗ, ಹದಿನಾರರ ತನುಷ್.
ಡೊಂಬಿವಲಿಯಿಂದ ಬೆಳಗಿನ ಕರ್ಜತ್ ಲೋಕಲ್,
ಅಲ್ಲಿಂದ ಜೀಪು. ಹರೀ ಠೋಂಬ್ರೆಯದು, ನಂಬರು ಕೆಳಗಿದೆ.
ಹಳ್ಳದ ಎಡದಂಡೆ ಹಿಡಿದು ಕೋಟೆ,
ಮೂರನೆಯ ತಿರುವಿನಲ್ಲಿ ಒಮ್ಮೆ ದಾಟಬೇಕು.
ಇಳಿಯುವುದೂ ಅದೇ ದಾರಿ. ಬೇರೆ ದಾರಿ ಇಲ್ಲ,
ಯಾರು ಎಷ್ಟು ಚಂದ ಮಾಡಿ ಹೇಳಿದರೂ ಇಲ್ಲ.

ಒಂದು ಗಂಟೆಗೆ ಎಲ್ಲಿದ್ದರೂ ಅಲ್ಲಿಂದ ವಾಪಸು.
ಆ ಸಾಲಿನ ಕೆಳಗೆ ಎರಡು ಗೆರೆ.

ಚೀಟಿ ಮರಾಠಿಯಲ್ಲಿ; ಓದಬೇಕಾದವನು
ಗೇಟಿನ ದಗಡೂ ಮಾಮಾ.
ಕನ್ನಡದಲ್ಲಾಗಿದ್ದರೆ ಕೊನೆಯ ಶಬ್ದ ಮರಳು ಎಂದಿರುತ್ತಿತ್ತು.
ಉಸುಕೂ ಅದೇ, ತಿರುಗಿ ಬರುವುದೂ ಅದೇ.
ಎರಡನ್ನೂ ಒಂದೇ ಗಂಟಿಗೆ ಕಟ್ಟಿದವರು
ಯಾವುದೋ ಕಡಲಂಚಿನಲ್ಲಿ ನಿಂತಿದ್ದಿರಬೇಕು,
ಭರತದ ಲೆಕ್ಕ ತಪ್ಪಿದ ದಿನ.

ನಾನೂ ನಿಂತಿದ್ದೆ, ಹೋದ ಮಾಘದಲ್ಲಿ.
ಅಲಿಬಾಗಿನಾಚೆ, ಬಂಡೆಯ ಮೂಗು ಬಳಸಿ
ಕಪ್ಪೆಚಿಪ್ಪು ಆರಿಸುತ್ತ ಆಚೆ ಕೊಲ್ಲಿಗೆ ನಡೆದು,
ಇಳಿತದ ಹೊತ್ತು ಯಾರನ್ನೂ ಕೇಳದೆ,
ಅಂದು ಹುಣ್ಣಿಮೆ ಎಂಬುದನ್ನೂ ಮರೆತು.
ಹೋಗುವಾಗ ಹೆಜ್ಜೆ ಮೂಡಿದ್ದಲ್ಲಿ
ಬರುವಾಗ ಸೊಂಟದವರೆಗೆ ನೀರು.
ಬಲೆ ಕೊಡವುತ್ತಿದ್ದ ಕೋಳಿ ಹೆಂಗಸು ಕೈ ಹಿಡಿದೆಳೆದು ಬೈದಳು:
"ಮದುವೆಗೆ ಪಂಚಾಂಗ ನೋಡ್ತೀರಿ,
ಸಮುದ್ರಕ್ಕೆ ಮಾತ್ರ ಮನಸ್ಸು ಬಂದಾಗ ಬರ್ತೀರಾ?"
ಚಿಪ್ಪುಗಳೆಲ್ಲ ಹೋದವು. ಬೈಗುಳವನ್ನು ಮನೆಗೆ ತಂದೆ.

ಭಾನುವಾರ. ಪ್ಲಾಟ್‌ಫಾರ್ಮಿನಲ್ಲಿ ತನುಷ್‌ನ ಶೂ ತಿರುಗಿಸಿ ನೋಡಿದರೆ
ಅಡಿ ನುಣ್ಣಗೆ, ಮಗುವಿನ ಕೆನ್ನೆಯ ಹಾಗೆ.
ನನ್ನ ಹಳೆಯದನ್ನು ಹೊತ್ತು ತಂದಿದ್ದೆ; ಮುಖ ಊದಿಸಿಕೊಂಡು ಹಾಕಿಕೊಂಡ.
ಸೀಟಿ, ಹಗ್ಗ, ಟಾರ್ಚು, ಉಪ್ಪು ಸಕ್ಕರೆಯ ಪೊಟ್ಟಣ,
ದೇವಾಡಿಗನ ಚೀಲದಲ್ಲಿ ಯಾರೂ ಹೇಳದ ಆರು ಗೋಳಿಬಜೆ.

ಜೀಪಿಳಿಸುತ್ತ ಹರೀ ಅಂದಿದ್ದ,
"ನೀರು ಚಹಾದ ಬಣ್ಣಕ್ಕೆ ತಿರುಗಿದರೆ
ಮೇಲೆಲ್ಲೋ ಮಳೆ ನಿಮಗಿಂತ ಮೊದಲೇ ಬಂದಿದೆ ಅಂತ."

ಹನ್ನೆರಡೂ ನಲವತ್ತು. ಮೂರನೆಯ ತಿರುವು.
ಮಂಜು ಸರಿದು ಕೋಟೆಯ ಬಾಗಿಲು ಕಂಡಿತು,
ಇಗೋ ಇಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರ.
ಹಳ್ಳ ಮೊಣಕಾಲುದ್ದ. ಚಹಾ.
ತನುಷ್ ಒಂದು ಕಲ್ಲೆಸೆದ. ಸದ್ದು ಬರಲಿಲ್ಲ.
ಯಾರೂ ಮಾತಾಡದೆ ಗೋಳಿಬಜೆ ತಿಂದು
ಬಂದ ದಾರಿಗೆ ಮುಖ ತಿರುಗಿಸಿದೆವು.

ದಾಟಿದ್ದರೆ? ಏನೂ ಆಗದೆಯೂ ಇರಬಹುದಿತ್ತು.
ಅದೇ ತೊಡಕು ನೋಡಿ,
ಆಗದ ಅಪಘಾತಕ್ಕೆ ಸಾಕ್ಷಿ ಇರುವುದಿಲ್ಲ.
ಇಳಿಯುವ ಉದ್ದಕ್ಕೂ ಹುಡುಗ ನನ್ನನ್ನು ಅಂಜುಬುರುಕಿ ಎಂದು
ಬಾಯಿಬಿಡದೆ ಬೈದ, ಬೆನ್ನಿಗೆ ಕೇಳಿಸುವಂತೆ.

ವಾಂಗಣಿಯಲ್ಲಿ ರೈಲು ನಿಂತಿತು, ಹಳಿಯ ಮೇಲೆ ನೀರು.
ನಾಲ್ಕು ಫೋನಿನಲ್ಲಿ ಮೂರು ಒದ್ದೆ, ಒಂದು ಸತ್ತಿತ್ತು.
ಪಕ್ಕದವರ ಫೋನು ಕೇಳಿ ಪಡೆದೆ, ಒತ್ತಲು ಹೋದೆ,
ಎಲ್ಲರ ನಂಬರೂ ಬರೆದಿಟ್ಟವಳಿಗೆ
ಒಂದೇ ಒಂದು ನಂಬರು ಗೊತ್ತಿರಲಿಲ್ಲ:
ಚೀಟಿ ಇಟ್ಟುಕೊಂಡವನದು.

ಎಂಟೂ ಹತ್ತು. ಗೇಟಿನಲ್ಲಿ ದಗಡೂ ಮಾಮಾ,
ರೇನ್‌ಕೋಟು ಹಾಕಿ, ಬಡಿಗೆ ಹಿಡಿದು, ಚೌಕಿಗೆ ಹೊರಟವನು.
ಏಳೂ ಐದಕ್ಕೆ ಹರೀಗೆ ಫೋನು ಮಾಡಿದ್ದಾನೆ.
ಏಳೂ ಹತ್ತಕ್ಕೆ ಕರ್ಜತ್ ಪೊಲೀಸರಿಗೆ.
ಎರಡನೇ ಮಹಡಿಯ ವಕೀಲರನ್ನು ಧಾರಾವಾಹಿಯಿಂದ ಎಬ್ಬಿಸಿದ್ದಾನೆ.
"ಏಳು ಅಂದ್ರೆ ಏಳು, ತಾಯಿ. ನೀವೇ ಬರೆದದ್ದು."
ನಾಲ್ವರನ್ನೂ ಬೆರಳಿಟ್ಟು ಎಣಿಸಿದ.
ಎರಡು ಸಲ.

ಆಮೇಲೆ, ಪಂಪಿನ ಕೀಲಿ ತೂಗುವ ಮೊಳೆಯತ್ತ ನೋಡುತ್ತ,
"ತುದಿ ಮುಟ್ಟಿದಿರಾ?"
ಇಲ್ಲ ಎಂದೆ.
ತೆಗೆಯಲು ಹೋದ ಚೀಟಿಯನ್ನು ಅಲ್ಲೇ ಬಿಟ್ಟ.
ಕಿವಿಯ ಹಿಂದಿನ ಪೆನ್ಸಿಲು ನನಗೆ ಕೊಟ್ಟು, "ಇರಲಿ ಹಾಗಾದ್ರೆ.
ತಾರೀಕು ಒಂದು ಬದಲಾಯಿಸಿ.
ಮತ್ತೆ ನನ್ನ ನಂಬರು ಬರ್ಕೊಳ್ಳಿ."